ದೊಡ್ಡಮ್ಮನಿಗೆ ತಂದ ಮಸ್ಸೂರಿ

ಹಿಮಾಲಯವನ್ನು ಸೀರೆಯ ಹಾಗೆ ಮಡಿಸಿ ಸೂಟ್‌ಕೇಸಿನಲ್ಲಿಟ್ಟು ತರುತ್ತೇನೆ ಎಂದು ನಾನು ಜಾನಕಿ ದೊಡ್ಡಮ್ಮನಿಗೆ ಮಾತು ಕೊಟ್ಟೆ. ಕೊಟ್ಟದ್ದು ಫೋನಿನಲ್ಲಿ, ಸಿಡ್ನಿಯಿಂದ ಮೆಲ್ಬರ್ನಿಗೆ. ಎದುರಿಗೆ ಕೂತು ಮಾತು ಕೊಡುವಾಗ ನಾಲಗೆಗೆ ಇರುವ ಸಂಕೋಚ ಫೋನಿನಲ್ಲಿ ಇರುವುದಿಲ್ಲ.

ದೊಡ್ಡಮ್ಮ ಎಂದರೆ ನನ್ನ ಯಜಮಾನರು ಶ್ರೀಪತಿಯವರ ತಾಯಿಯ ಅಕ್ಕ. ದೊಡ್ಡಮ್ಮನ ತಂದೆ ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ಹಾಗಾಗಿ ಮೈಸೂರಿನ ಈ ಹುಡುಗಿ ಬೆಳೆದದ್ದು ಮಸ್ಸೂರಿಯ ಬೆಟ್ಟದ ಮೇಲೆ. ಹದಿನಾಲ್ಕಕ್ಕೆ ಅಲ್ಲಿಂದ ಇಳಿದವರು ಮತ್ತೆ ಹತ್ತಲಿಲ್ಲ. ಮದುವೆ, ಮಕ್ಕಳು, ಮೆಲ್ಬರ್ನ್. ಈಗ ಹೋಗೋಣವೆಂದರೆ ಹೃದಯ ಸರಿಯಿಲ್ಲ. ಸ್ವತಃ ಡಾಕ್ಟರಾದ ಚಂದ್ರಶೇಖರ್ ದೊಡ್ಡಪ್ಪ, "ಅಷ್ಟು ದೂರದ ಪ್ರಯಾಣ, ಅಷ್ಟು ಎತ್ತರ, ಎರಡೂ ಬೇಡ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಆ ವರ್ಷ, ತೊಂಬತ್ತೊಂದರ ಬೇಸಿಗೆಯಲ್ಲಿ, ನಾವಿಬ್ಬರೂ ಊರಿಗೆ ಹೋದಾಗ ಹಿಮಾಲಯದ ತಪ್ಪಲಿನ ಊರುಗಳನ್ನು ಕಾರಿನಲ್ಲಿ ಸುತ್ತಿ ಬರುವುದೆಂದು ನಿಶ್ಚಯವಾಗಿತ್ತು. ಸುದ್ದಿ ತಿಳಿದ ದೊಡ್ಡಮ್ಮ ಕೇಳಿದ್ದು ಒಂದೇ. "ನಮ್ಮ ಮನೆ ಇದೆಯೋ ಇಲ್ವೋ, ನೋಡ್ಕೊಂಡು ಬರ್ತೀಯೇನೆ?"

"ನೋಡ್ಕೊಂಡು ಬರೋದೇನು ದೊಡ್ಡಮ್ಮ, ಫೋಟೋ ತೆಗೆದು, ಸ್ಲೈಡ್ ಮಾಡಿಸಿ, ನಿಮ್ಮ ಹಾಲ್ ಗೋಡೆ ಮೇಲೇ ಮನೆ ನಿಲ್ಲಿಸ್ತೀನಿ. ನಿಲ್ಲಿಸದಿದ್ರೆ ನನ್ನ ಹೆಸರು ಶಾಲಿನಿ ಅಲ್ಲ."

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಇವರು, "ಬೇರೆ ಹೆಸರು ಯೋಚಿಸಿಟ್ಕೊ" ಎಂದರು.

ಅರಸೀಕೆರೆಯ ಕಾಲೇಜಿನಲ್ಲಿ ಕನ್ನಡ ಓದಿ, ಸಿಡ್ನಿಯ ಚಾಟ್ಸ್‌ವುಡ್‌ನ ಎರಡನೇ ಮಹಡಿಯ ಫ್ಲಾಟಿಗೆ ಬಂದು ಬಿದ್ದವಳು ನಾನು. ಇವರು ನಾರ್ತ್ ಸಿಡ್ನಿಯ ಆಫೀಸಿಗೆ ಹೋದ ಮೇಲೆ ನನಗೆ ಉಳಿಯುತ್ತಿದ್ದುದು ಒಂದು ಕಿಟಕಿ, ಅದರಾಚೆ ಒಂದು ಕಾರ್‌ಪಾರ್ಕ್. ಹೊತ್ತು ಹೋಗದ ಮಧ್ಯಾಹ್ನಗಳಲ್ಲಿ ದೊಡ್ಡಮ್ಮ ಫೋನಿನಲ್ಲಿ ಮಸ್ಸೂರಿಯ ಕಥೆ ಹೇಳುತ್ತಿದ್ದರು, ನಾನು ಅರಸೀಕೆರೆಯದು. ನಮ್ಮಿಬ್ಬರ ಊರುಗಳೂ ಟೆಲಿಫೋನಿನ ತಂತಿಯೊಳಗೆ ಅಕ್ಕಪಕ್ಕ ಇದ್ದವು. ಇಂಥವರಿಗೆ ಕೊಟ್ಟ ಮಾತನ್ನು ಬಿಡುವುದುಂಟೇ? ಕ್ಯಾಮೆರಾ ನನ್ನ ಕೊರಳಿಗೇ ಇರಲಿ ಎಂದು ಹಟ ಹಿಡಿದೆ.

ಹರಿದ್ವಾರದಲ್ಲಿ ಹಿಡಿದ ಬಾಡಿಗೆ ಅಂಬಾಸಡರ್ ನಮ್ಮನ್ನು ಋಷಿಕೇಶ, ಡೆಹ್ರಾಡೂನ್ ದಾಟಿಸಿ ಮಸ್ಸೂರಿಗೆ ಹತ್ತಿಸಿತು. ಮೊದಲನೆಯ ರೀಲು ಋಷಿಕೇಶದಲ್ಲೇ ಮುಗಿದಿತ್ತು. ಎರಡನೆಯದನ್ನು ತಿರುವಿನಿಂದ ತಿರುವಿಗೆ ವಾಲುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನಾನೇ ಕ್ಯಾಮೆರಾಗೆ ತುಂಬಿದೆ. ತಲೆ ತಿರುಗುತ್ತಿತ್ತು, ಆದರೂ ತುಂಬಿದೆ. ಆ ರೀಲಿನಲ್ಲಿ ಏನಿತ್ತು ಎಂದು ಕೇಳಬೇಡಿ. ಮಸ್ಸೂರಿ ಇತ್ತು, ದೊಡ್ಡಮ್ಮನ ಮನೆ ಇತ್ತು. ಅಲ್ಮೋರಾದ ಕೆತ್ತನೆ ಬಾಗಿಲುಗಳಿದ್ದವು. ಕೆಮ್ಮಣ್ಣು ಬಳಿದ ಹೊಸ್ತಿಲುಗಳ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆದ ರಂಗೋಲಿಗಳಿದ್ದವು. ಜಾಗೇಶ್ವರದಲ್ಲಿ ದೇವದಾರು ಮರಗಳ ನಡುವೆ ಮಕ್ಕಳು ಸಾಲಾಗಿ ಕೂತಂತೆ ಕೂತ ಪುಟ್ಟ ಪುಟ್ಟ ಗುಡಿಗಳಿದ್ದವು. ಮೂವತ್ತಾರು ಫೋಟೋಗಳ ರೀಲು ಮೂವತ್ತಾರಕ್ಕೆ ನಿಲ್ಲಲಿಲ್ಲ. ಫಿಲ್ಮು ಮುಂದೆ ಸರಿಸುವ ಲಿವರ್ ತಿರುಗುತ್ತಲೇ ಇತ್ತು, ನಾನು ತೆಗೆಯುತ್ತಲೇ ಇದ್ದೆ.

"ಮೂವತ್ತೆಂಟು ತೆಗೆದೋರನ್ನ ನೋಡಿದೀನಿ," ಎಂದರು ಇವರು, ಜಾಗೇಶ್ವರದ ಮೆಟ್ಟಿಲ ಮೇಲೆ ನಿಂತು. "ನೀನು ಐವತ್ತರ ಹತ್ತಿರ ಬಂದಿದೀಯ. ನಮ್ಮ ಕ್ಯಾಮೆರಾ ಕರ್ಣನ ವಂಶ ಇರಬೇಕು."

ನಮ್ಮಂಥವರಿಗೆ ರೀಲಿನ ಕೊನೆಯಲ್ಲಿ ಸಿಗುವ ಎರಡು ಫೋಟೋ ಎಂದರೆ ಹಾಲಿನವನು ಹಾಕುವ ಕೊಸರು ಹಾಲಿದ್ದಂತೆ. ಹತ್ತಕ್ಕೂ ಮಿಕ್ಕಿ ಕೊಸರು ಬಂದಾಗ ಸಂಶಯಪಡಬೇಕಿತ್ತು. ಪಡಲಿಲ್ಲ, ಹೆಮ್ಮೆಪಟ್ಟೆವು. ಹೋಟೆಲಿನ ಬೆಂಗಾಲಿ ದಂಪತಿಗಳಿಗೂ ಹೇಳಿಕೊಂಡೆವು.

ಸಿಡ್ನಿಗೆ ಮರಳಿ ಎರಡೂ ರೀಲುಗಳನ್ನು ಚಾಟ್ಸ್‌ವುಡ್‌ನ ಒಂದು ಅಂಗಡಿಗೆ ಕೊಟ್ಟೆ. ಮೊದಲನೆಯದು ಸರಿಯಾಗಿತ್ತು. ಎರಡನೆಯದನ್ನು ಅಂಗಡಿಯ ಹುಡುಗಿ ಬೆಳಕಿಗೆ ಹಿಡಿದು ತೋರಿಸಿದಳು. ಕಾಡಿಗೆ ಹಚ್ಚಿದಂತೆ ಈ ತುದಿಯಿಂದ ಆ ತುದಿಯವರೆಗೆ ಕಪ್ಪು.

"ಫಿಲ್ಮು ಒಳಗೆ ಕಚ್ಚಿಕೊಂಡೇ ಇಲ್ಲ, ಲವ್. ಒಂದು ಇಂಚೂ ಮುಂದೆ ಹೋಗಿಲ್ಲ," ಎಂದಳು. ಆ ದೇಶದಲ್ಲಿ ಕೆಟ್ಟ ಸುದ್ದಿಯನ್ನೂ ಪ್ರೀತಿಯಿಂದಲೇ ಹೇಳುತ್ತಾರೆ.

ಮನೆಗೆ ಬಂದು, ದೊಡ್ಡಮ್ಮನಿಗೆ ನಿಜ ಹೇಳಿಬಿಡೋಣವೆಂದು ಫೋನ್ ಎತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು.

"ಸ್ಲೈಡ್ ಬಂತೇನೆ? ಬೇಡ, ಏನೂ ಹೇಳಬೇಡ. ಗೋಡೆ ಮೇಲೇ ನೋಡ್ತೀನಿ. ಮುಂದಿನ ತಿಂಗಳು ಮೊದಲನೇ ಶನಿವಾರ ಎಲ್ಲರನ್ನೂ ಕರೆದಿದೀನಿ. ಯೋಗೀಶ ಪ್ರೊಜೆಕ್ಟರ್ ತರ್ತಾನೆ. ಇಲ್ಲಿನ ಕನ್ನಡದವರು, ಮೂರ್ತಿ ಅವರ ಮನೆಯವರು, ಅನಸೂಯಾ, ಎಲ್ಲಾ ಬರ್ತಾರೆ. ಹಾಲ್ ಗೋಡೆಯಿಂದ ಕ್ಯಾಲೆಂಡರ್ ತೆಗೆಸಿ ಬಿಳೀ ಬಣ್ಣ ಹೊಡೆಸಿದೀನಿ ಕಣೆ. ಮನೆ ಸ್ವಚ್ಛವಾಗಿ ಕಾಣಲಿ ಅಂತ."

ಬಣ್ಣ ಹೊಡೆಸಿದ ಗೋಡೆಯ ಮುಂದೆ ನನ್ನ ನಿಜ ನಿಲ್ಲಲಿಲ್ಲ. "ಆಗಲಿ ದೊಡ್ಡಮ್ಮ" ಎಂದೆ.

ಸಂಜೆ ಇವರು ಟೈ ಸಡಿಲಿಸುತ್ತ ಎಲ್ಲವನ್ನೂ ಕೇಳಿದರು. ಕೂತರು, ಎದ್ದರು, ಕಾಫಿ ಕುಡಿದರು. ಆಮೇಲೆ ಆ ಮಹಾ ಉಪಾಯ ಹೇಳಿದರು.

"ಬ್ಲೂ ಮೌಂಟನ್ಸ್‌ಗೆ ಹೋಗೋಣ. ಎರಡು ಗಂಟೆ ದಾರಿ, ಅಲ್ಲಿ ಬೆಟ್ಟದ ಮೇಲೆ ಲೂರಾ ಅಂತ ಒಂದು ಊರಿದೆ. ತಗಡಿನ ಚಾವಣಿ, ಕಲ್ಲಿನ ಮೆಟ್ಟಿಲು, ಮಂಜು, ದೇವದಾರು. ಮಸ್ಸೂರಿ ಕಟ್ಟಿದೋರೂ ಬ್ರಿಟಿಷರೇ, ಇದನ್ನ ಕಟ್ಟಿದೋರೂ ಬ್ರಿಟಿಷರೇ. ಕಂಟ್ರಾಕ್ಟರೂ ಒಬ್ಬನೇ ಇರಬೇಕು."

"ದೊಡ್ಡಮ್ಮನಿಗೆ ಸುಳ್ಳು ಹೇಳೋದಾ?"

"ನಾವೆಲ್ಲಿ ಹೇಳ್ತೀವಿ? ಪ್ರೊಜೆಕ್ಟರ್ ಹೇಳತ್ತೆ."

ಜುಲೈ ತಿಂಗಳ ಕೊರೆಯುವ ಚಳಿಯಲ್ಲಿ ನಾವು ಲೂರಾಕ್ಕೆ ಹೋದೆವು. ಇವರು ಮಂಕಿ ಟೋಪಿ ಹಾಕಿಕೊಂಡರು. ಹಿಮಾಲಯಕ್ಕೆ ಹೋದಾಗ ಹಾಕಿಕೊಂಡಿರಲಿಲ್ಲ. ಬೇಕಾದ ಮನೆಯೂ ಸಿಕ್ಕಿತು. ಕಲ್ಲಿನ ಮೆಟ್ಟಿಲು ಹತ್ತಿ ಹೋಗುವ, ಕೆಂಪು ತಗಡಿನ ಹಳೆಯ ಬಂಗಲೆ. ನಾನು ಸೀರೆಯುಟ್ಟು, ಸ್ವೆಟರ್ ಏರಿಸಿ ಮೆಟ್ಟಿಲ ಮೇಲೆ ನಿಂತಾಗ ಒಳಗಿನಿಂದ ಒಬ್ಬ ಅಜ್ಜಿ ಹೊರಬಂದಳು. ಇವರು ಹಲ್ಲು ಕಟಕಟಿಸುತ್ತ, ನಮ್ಮ ದೊಡ್ಡಮ್ಮನ ಮನೆ ಇದೇ ಥರ ಇತ್ತು ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಆಕೆ ನನ್ನನ್ನೇ ನೋಡಿ, "ಪಾಪ, ಅವಳಿಗೆ ಮನೆ ನೆನಪಾಗಿದೆ," ಎಂದು ಒಳಗೆ ಕರೆದು ಟೀ ಕೊಟ್ಟಳು. ಬಿಸಿ ಕಪ್ ಹಿಡಿದು ಕೂತಾಗ ನನಗೆ ನಿಜಕ್ಕೂ ಮನೆ ನೆನಪಾಯಿತು. ಆ ದಿನ ನಾವು ಮಾಡಿದ ನಟನೆಯಲ್ಲಿ ಅದೊಂದು ಮಾತ್ರ ನಟನೆಯಾಗಿರಲಿಲ್ಲ.

ಶನಿವಾರ ಮೆಲ್ಬರ್ನಿನಲ್ಲಿ ದೊಡ್ಡಮ್ಮನ ಹಾಲ್ ಜನರಿಂದ ತುಂಬಿತ್ತು. ಜುಲೈಗಿಂತ ಆಗಸ್ಟ್ ಏನೂ ಬೆಚ್ಚಗಿರಲಿಲ್ಲ, ಐದೂವರೆಗೇ ಕತ್ತಲೆ. ದೊಡ್ಡಮ್ಮ ಹಸಿರು ಮೈಸೂರು ಸಿಲ್ಕ್ ಉಟ್ಟು, ಮದುವೆಗೆ ಬಂದವರ ಹಾಗೆ ಮುಂದಿನ ಸಾಲಿನಲ್ಲಿ ಕೂತಿದ್ದರು. ದೊಡ್ಡಮ್ಮನ ಮಗ ಯೋಗೀಶ ದೀಪ ಆರಿಸಿದ. ಹರಿದ್ವಾರ ಬಂತು, ಋಷಿಕೇಶ ಬಂತು, ಎಲ್ಲರೂ ಕೂತಲ್ಲೇ ಗಂಗೆಗೆ ಕೈ ಮುಗಿದರು. ಆಮೇಲೆ ಕ್ಲಿಕ್ ಎಂದಿತು, ಮಸ್ಸೂರಿ ಬಂತು. ಅಂದರೆ ಲೂರಾ ಬಂತು.

"ಮಸ್ಸೂರಿ ಅಂದ್ರೆ ಮಸ್ಸೂರಿ," ಎಂದರು ಮೂರ್ತಿ. ಎಚ್‌ಎಂಟಿಯಲ್ಲಿದ್ದಾಗ ಎಲ್‌ಟಿಸಿ ಪ್ರವಾಸ ಭತ್ಯೆ ಹಾಕಿಕೊಂಡು ಅಲ್ಲಿಗೆ ಹೋಗಿಬಂದ, ಅತಿಥಿಗಳಲ್ಲಿ ಏಕೈಕ ವ್ಯಕ್ತಿ ಅವರು. "ಈ ರಸ್ತೇಲೇ ನಾವು ಕಡ್ಲೇಕಾಯಿ ತಿಂದಿದ್ದು. ಅಲ್ವೇನೆ ಉಷಾ?"

"ನಂಗೆ ವಾಂತಿ ಆಗಿದ್ದೊಂದೇ ಜ್ಞಾಪಕ," ಎಂದರು ಅವರ ಹೆಂಡತಿ.

"ಅಲ್ಲಿ ನೀಲಗಿರಿ ಮರ ಇಷ್ಟೊಂದಿದೆಯಾ?" ಎಂದು ಕತ್ತಲಿನಿಂದ ಅನಸೂಯಾ ಕೇಳಿದರು. ಲೂರಾದ ಬೆಟ್ಟವೆಲ್ಲ ನೀಲಗಿರಿಯೇ ಎಂಬುದು ನಮಗೆ ಹೊಳೆದೇ ಇರಲಿಲ್ಲ.

"ಊಟೀಲಿಲ್ವೇನ್ರೀ? ಬೆಟ್ಟ ಅಂದ ಮೇಲೆ ನೀಲಗಿರಿ ಇರಲೇಬೇಕು," ಎಂದರು ಮೂರ್ತಿ.

ಮುಂದಿನ ಸ್ಲೈಡಿನಲ್ಲಿ ತಂತಿಯ ಮೇಲೆ ಹಳದಿ ಜುಟ್ಟಿನ ಬಿಳಿಯ ಕಾಕಟೂ ಗಿಳಿ ಕೂತಿತ್ತು. ತೆಗೆಯುವಾಗ ಇಬ್ಬರೂ ಅದನ್ನು ಕಂಡಿರಲಿಲ್ಲ. ಮೆಲ್ಬರ್ನಿನ ಪ್ರತಿ ಹಿತ್ತಲಿನಲ್ಲೂ ದಿನಾ ಕಿರುಚುವ ಹಕ್ಕಿ. ಇವರು ಮಂಕಿ ಟೋಪಿ ಇಲ್ಲದೆಯೂ ಮುಖ ಮುಚ್ಚಿಕೊಂಡರು.

"ಹಿಮಾಲಯದ ಗಿಳಿ," ಎಂದರು ಮೂರ್ತಿ, ಗಂಟಲು ಸರಿಮಾಡಿಕೊಂಡು. "ಹಿಮ ಬಿದ್ದೂ ಬಿದ್ದೂ ಬೆಳ್ಳಗಾಗಿರತ್ತೆ."

ಯೋಗೀಶ ಗಡಿಬಿಡಿಯಲ್ಲಿ ಮುಂದಿನದನ್ನು ಒತ್ತಿದ. ಮನೆ ಬಂತು. ಹೊಸ ಸುಣ್ಣ ಹೊಡೆದಂತಿದ್ದ ಗೋಡೆಯ ಮೇಲೆ ಕೆಂಪು ಚಾವಣಿ, ಮಂಜು, ಮೆಟ್ಟಿಲು, ಮೆಟ್ಟಿಲ ಮೇಲೆ ನಾನು.

ಎಲ್ಲರೂ ನೋಡುತ್ತಿದ್ದುದು ದೊಡ್ಡಮ್ಮನನ್ನು. ಪ್ರೊಜೆಕ್ಟರಿನ ಬೆಳಕು ಅವರ ಕೆನ್ನೆಯ ಮೇಲೆ ಅಲುಗಾಡುತ್ತಿತ್ತು. ಯೋಗೀಶನ ಕೈ ಗುಂಡಿಯ ಕಡೆಗೆ ಹೋದಾಗ ಅವರು, "ಇರಲಿ, ಬದಲಾಯಿಸಬೇಡ," ಎಂದರು. ನೋಡುತ್ತ ಕೂತರು. ಕಡೆಗೆ ಯಾರೋ, "ಎಷ್ಟು ಚೆನ್ನಾಗಿದೆ ಮನೆ" ಎಂದದ್ದಕ್ಕೆ, "ಹ್ಞೂಂ. ಬೆಟ್ಟದ ಮನೆಗಳು ಚೆನ್ನಾಗೇ ಇರತ್ವೆ," ಎಂದರು. ನನಗೆ ಅಲ್ಲೇ ತಿಳಿಯಬೇಕಿತ್ತು.

ಊಟವಾಯಿತು. ಎಲ್ಲರೂ ಹಾಲ್‌ನಲ್ಲಿ ಇವರನ್ನು ಸುತ್ತುವರಿದು ಹಿಮಾಲಯದ ದಾರಿ ಕೇಳುತ್ತಿದ್ದರು. ಅಡುಗೆಮನೆಯಲ್ಲಿ ದೊಡ್ಡಮ್ಮ ತಟ್ಟೆ ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ.

"ನಮ್ಮನೆಗೆ ಮೆಟ್ಟಿಲು ಹತ್ತಬೇಕಾಗಿರ್ಲಿಲ್ಲ ಕಣೆ," ಎಂದರು ಅವರು, ತಟ್ಟೆಯಿಂದ ಕಣ್ಣು ತೆಗೆಯದೆ. "ಇಳೀಬೇಕಾಗಿತ್ತು. ರಸ್ತೆ ಮೇಲೆ, ಮನೆ ಕೆಳಗೆ."

ನನ್ನ ಕೈಯ ತಟ್ಟೆ ಜಾರಿತು. ಒಡೆಯಲಿಲ್ಲ, ಸ್ಟೀಲಿನದು. ಸದ್ದು ಮಾತ್ರ ಮನೆಯೆಲ್ಲ ಕೇಳಿಸಿತು. ರೀಲು, ಲೂರಾ, ಟೋಪಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ನಲ್ಲಿ ನಿಲ್ಲಿಸಿದರು.

"ಅದೆಲ್ಲ ಇರಲಿ. ಮನೆ ಇದೆಯಾ?"

ಇಷ್ಟು ದಿನ ಈ ಪ್ರಶ್ನೆಯನ್ನು ಹಿಡಿದು ಕಾದಿದ್ದವರಿಗೆ ನಾನು ಗಿಳಿ ತೋರಿಸಿದ್ದೆ.

"ಇದೆ ದೊಡ್ಡಮ್ಮ. ನಾನೇ ಇಳಿದು ಹೋದೆ, ಲೂರಾದಲ್ಲಿ ಅದೇ ಮರೆತೆ. ನೀವು ಹೇಳ್ತಿದ್ದ ಕೆಂಪು ಚಾವಣಿ ಈಗ ಹಸಿರು. ಜಗಲಿಯ ಮರದ ಕಟಕಟೆ ಹಾಗೇ ಇದೆ, ಒಂದು ಕಂಬ ವಾಲಿದೆ. ಶಾಲೆ ಮೇಷ್ಟ್ರೊಬ್ಬರ ಮನೆಯವರಿದಾರೆ. ಮೇಷ್ಟ್ರ ಹೆಂಡತಿ ಸ್ವೆಟರ್ ಹೆಣೀತಾ ಕೂತಿದ್ರು, ನನ್ನ ಒಳಗೆ ಕರೆದ್ರು."

"ಅಡುಗೆಮನೆಗೆ ಹೋದ್ಯಾ? ಕಿಟಕಿ?"

"ಇದೆ. ಅದರಿಂದ ಹಿಮದ ಬೆಟ್ಟ ಕಾಣತ್ತೆ ಅಂದ್ರು. ಆ ದಿನ ಬರೀ ಮಂಜು. ಆಕೆ ಬೆರಳು ತೋರಿಸಿ, ಅಲ್ಲಿದೆ, ಅಲ್ಲಿದೆ ಅಂದ್ರು. ನಾನು ಆ ಮಂಜಿಂದೇ ಒಂದು ಫೋಟೋ ತೆಗೆದೆ."

"ಅದೂ ಬರಲಿಲ್ಲ."

"ಅದೂ ಬರಲಿಲ್ಲ."

ದೊಡ್ಡಮ್ಮ ನಕ್ಕರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ನಮ್ಮಮ್ಮ ಅದೇ ಕಿಟಕಿ ಹತ್ರ ಹುಳಿ ಕುದಿಸ್ತಾ, ಮೈಸೂರು ಯಾವ ಕಡೆಗ್ರೀ ಅಂತ ಅಪ್ಪನ್ನ ದಿನಾ ಕೇಳ್ತಿದ್ಲು. ದೇಶಕ್ಕೆಲ್ಲ ನಕ್ಷೆ ಬರೆಯೋ ಮನುಷ್ಯ, 'ನಿನ್ನ ಬೆನ್ನ ಹಿಂದೆ' ಅಂತಿದ್ರು. ಅವಳು ತಿರುಗಿದ್ರೆ ಗೋಡೆ," ಎಂದರು.

ನಾವಿಬ್ಬರೂ ಸ್ವಲ್ಪ ಹೊತ್ತು ಆ ಮೆಲ್ಬರ್ನಿನ ಅಡುಗೆಮನೆಯ ಕಿಟಕಿಯ ಕಡೆ ನೋಡಿದೆವು. ಆಚೆ ಕತ್ತಲೆ. ಅರಸೀಕೆರೆ ಯಾವ ಕಡೆಗಿದೆಯೆಂದು ನಾನು ಕೇಳಲಿಲ್ಲ.

"ಆ ಮನೆ ಸ್ಲೈಡ್ ನಂಗೆ ಕೊಟ್ಟು ಹೋಗು," ಎಂದರು ದೊಡ್ಡಮ್ಮ.

"ಅದು ಸುಳ್ಳು ಮನೆ, ದೊಡ್ಡಮ್ಮ."

"ಮನೆ ಸುಳ್ಳು. ಮೆಟ್ಟಿಲ ಮೇಲೆ ನಿಂತಿರೋಳು ನಮ್ಮನೆ ಹುಡುಗಿ ತಾನೆ?"

ಹೋಗಿ ಸ್ಲೈಡ್ ತಂದು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ತುಂಬ ಹೊತ್ತು, ತುಂಬ ಅಕ್ಕರೆಯಿಂದ ನೋಡಿದರು. ನನ್ನ ಕಣ್ಣು ಆಗಲೇ ತುಂಬಿತ್ತು.

"ಸ್ವೆಟರ್ ಉಲ್ಟಾ ಹಾಕ್ಕೊಂಡಿದೀಯ," ಎಂದರು. "ಅನಸೂಯಾ ಆಗಲೇ ಹೇಳೋಕೆ ಹೊರಟಿದ್ಲು. ಸುಮ್ಮನಿರು, ಹಿಮಾಲಯದಲ್ಲಿ ಹಾಗೇ ಹಾಕ್ಕೋತಾರೆ ಅಂದೆ."