ಉತ್ತರ ಹೇಳದ ನಮ್ಮತ್ತೆ

ನಮ್ಮತ್ತೆಗೆ ಫಿಸಿಕ್ಸ್ ಬರುವುದಿಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ನಂಬದೆ ಇನ್ನೇನು? ಮೂವತ್ತು ವರ್ಷ ಕಾಲೇಜಿನಲ್ಲಿ ಅದನ್ನೇ ಕಲಿಸಿದ್ದರೂ ಅವರು ಯಾವ ಪ್ರಶ್ನೆಗೂ ಉತ್ತರ ಹೇಳಿದ್ದನ್ನು ಕಂಡವರಿಲ್ಲ! "ಮೊದ್ಲು ನಿನ್ನ ಅಂದಾಜು ಹೇಳು," ಎನ್ನುತ್ತಾರೆ. ಕಾರಣ ಕೊಟ್ಟು ತಪ್ಪು ಹೇಳಿದವರಿಗೆ ಕೋಡುಬಳೆ. ಕಾರಣ ಕೊಡದೆ ಸರಿ ಹೇಳಿದವರಿಗೆ ಏನೂ ಇಲ್ಲ. ಎಂಜಿನಿಯರಾದ ನಮ್ಮ ಮಾವ ಥಟ್ಟನೆ ಸರಿಯುತ್ತರ ಹೇಳಿ ಹೇಳಿ ಕೋಡುಬಳೆಯ ರುಚಿಯನ್ನೇ ಮರೆತಿದ್ದಾರೆ.

ಇಂಥ ಅತ್ತೆಯ ರಾಮಕೃಷ್ಣನಗರದ ಮನೆಗೆ ಅಪ್ಪ ನನ್ನನ್ನು ಪಾಠಕ್ಕೆ ಅಟ್ಟಿದರು. ಪಿಯುಸಿಯ ಮೊದಲ ವೈವಾದಲ್ಲಿ, ತಪ್ಪಾದರೆ ಎಂಬ ಹೆದರಿಕೆಗೆ ತುಟಿ ಪಿಟಕ್ಕೆನ್ನದೆ ಅತ್ತು ಬಂದಿದ್ದೆ. ವಾರ್ಷಿಕ ಪರೀಕ್ಷೆಯಲ್ಲೂ ಹೀಗೇ ಆದರೆ ಸೈನ್ಸ್ ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ನನಗೋ ಸೈನ್ಸೆಂದರೆ ಪ್ರಾಣ. ನನ್ನ ಬಾಯಿಯೇ ನನಗೆ ಶತ್ರು.

ಮೊದಲ ಪಾಠ ಅಡುಗೆಮನೆಯಲ್ಲಿ. ಡಿಕಾಕ್ಷನ್ನಿಗೆ ಹಾಲನ್ನು ಈಗಲೇ ಬೆರೆಸಿದರೆ ಕಾಫಿ ಹೆಚ್ಚು ಹೊತ್ತು ಬಿಸಿಯಿರುತ್ತದೋ, ಕುಡಿಯುವಾಗ ಬೆರೆಸಿದರೋ? ನಾನು, ಅತ್ತೆ, ಮದುವೆಗೆ ಕರೆಯಲು ಬಂದಿದ್ದ ದಂಪತಿ, ಎಲ್ಲರೂ ಎರಡು ಲೋಟಗಳಿಗೆ ಬೆರಳದ್ದಿ ನೋಡಿದ್ದೇ ನೋಡಿದ್ದು. ಎರಡೂ ತಣ್ಣಗಾದವು. ದಂಪತಿ ಲಗ್ನಪತ್ರಿಕೆ ಕೊಡುವುದನ್ನೇ ಮರೆತು ಹೊರಟುಹೋದರು.

ಇನ್ನೊಂದು ದಿನ ದಟ್ಟಗಳ್ಳಿಯ ತಿರುವಿನಲ್ಲಿ ಅತ್ತೆ ನಮ್ಮ ಆಟೋದವನನ್ನು ಹಿಡಿದುಕೊಂಡರು. ನೀವು ಬಲಕ್ಕೆ ತಿರುಗಿಸಿದರೆ ನಾವೇಕೆ ಎಡಕ್ಕೆ ವಾಲುತ್ತೇವೆ ಎಂದು ಕೇಳಿಯೇಬಿಟ್ಟರು.

"ಸೀಟು ಒಂದ್ಕಡೆ ಕುಸ್ದೋಗದೆ ಕಣಮ್ಮ, ಅದ್ಕೇಯ," ಎಂದನವನು.

ತಪ್ಪು, ಆದರೆ ಕಾರಣವಿದೆ! ಅತ್ತೆ ಚೀಲದಿಂದ ಕೋಡುಬಳೆ ತೆಗೆದುಕೊಟ್ಟರು.

ವಾರ್ಷಿಕ ವೈವಾಕ್ಕೆ ಅತ್ತೆಯೇ ಜೊತೆಗೆ ಬಂದು ಕಾಲೇಜಿನ ಗೇಟಿನ ಹೊರಗೆ ನಿಂತರು. ಲೋಲಕದ ಗುಂಡು ಭಾರವಾದರೆ ಅದು ಬೇಗ ತೂಗುತ್ತದೆಯೋ, ನಿಧಾನವಾಗಿಯೋ ಎಂದು ಪರೀಕ್ಷಕರು ಕೇಳಿದರು. ಬೇಗ ಎಂದೆ. ಭಾರ ಹೆಚ್ಚಿದರೆ ಭೂಮಿ ಹೆಚ್ಚು ಎಳೆಯುತ್ತದಲ್ಲ ಎಂದು ಕಾರಣವನ್ನೂ ಸೇರಿಸಿದೆ.

"ತಪ್ಪು," ಎಂದರು.

ಕಣ್ಣು ತುಂಬಿತು. ಅದು ಹೇಗೋ ಮಾತು ಮಾತ್ರ ನಿಲ್ಲಲಿಲ್ಲ.

"ಸರ್, ಎರಡು ಗುಂಡು ಕಟ್ಟಿ ನೋಡ್ಲಾ?"

ಕಟ್ಟಿದೆ. ಒಂದೇ ಉದ್ದದ ದಾರಗಳಲ್ಲಿ ಭಾರದ್ದೂ ಹಗುರದ್ದೂ ಒಟ್ಟಿಗೇ ಹೋಗಿ ಒಟ್ಟಿಗೇ ಬಂದವು. ನನ್ನ ತಪ್ಪನ್ನು ಕಣ್ಣಾರೆ ಕಂಡು ನನಗೇ ನಗು ಬಂತು! ಪರೀಕ್ಷಕರೂ ನಕ್ಕು ಅಂಕ ಬರೆದುಕೊಂಡರು.

ಹೊರಗೆ ಬಂದು ಅತ್ತೆಗೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತಲೆ ಸವರಿದರು.

"ಇನ್ಮೇಲೆ ನಾನು ಬೇಕಾಗಿಲ್ಲ ಬುಡು ನಿಂಗೆ."

ಅವರು ನನಗೆ ಅಷ್ಟೊಂದು ಬೇಕೆನಿಸಿದ್ದು ಅದೇ ಮೊದಲು.