ವಾರಕ್ಕೆ ಐದು ಉಪವಾಸ

"ದೋಷ ಆ ತೂಕದ ಕಾಟಾದಾಗ ಐತಿ, ನನ್ನಾಗ ಇಲ್ಲ. ನೀನ ವಿಚಾರ ಮಾಡು ಸುಂದರವ್ವಾ. ಸೋಮವಾರ ಶಿವಂದು, ಮಂಗಳವಾರ ಬನಶಂಕರಿದು, ಗುರುವಾರ ಗುರುಗಳ್ದು, ಶುಕ್ರವಾರ ಲಕ್ಷ್ಮೀದು, ಶನಿವಾರ ಹನಮಪ್ಪಂದು. ವಾರಕ್ಕ ಐದ ದಿನಾ ಉಪವಾಸ ಇರ್ತೀನಿ. ಉಳದಾವೆಷ್ಟು? ಬುಧವಾರ ಒಂದು, ರವಿವಾರ ಒಂದು. ಆ ಎರಡ ದಿನಾನೂ ಡಾಕ್ಟರ್ ಹೇಳಿದಷ್ಟ ಉಣ್ತೀನಿ, ಹೊತ್ತಿಗೆ ಎರಡ ರೊಟ್ಟಿ, ಒಂದ ಬಟ್ಟಲಾ ಪಲ್ಯಾ. ಭಜಿ ಬಿಟ್ಟೆ. ಚೂಡಾ ಬಿಟ್ಟೆ. ಬಸ್‌ಸ್ಟ್ಯಾಂಡಿನ ಮಿರ್ಚಿ ಕಡೆ ಮಾರಿ ತಿರುವಿ ನೋಡಿಲ್ಲ, ಬೇಕಾದ್ರ ಆ ಬಂಡಿಯಂವನ್ನ ಕೇಳು. ಉಂಡದ್ದನ್ನ ಫೋನಿನಾಗ ದಿನಾ ಬರೀತೀನಿ, ಅದೂ ದಿನಾ ಹಸರ ಬಣ್ಣಾ ತೋರಸ್ತೈತಿ. ಇಷ್ಟ ಮಾಡಿದ ಮನಶ್ಯಾಂದು ಒಂದ ತಿಂಗಳದಾಗ ಮೂರ ಕಿಲೋ ಹೆಂಗ ಏರೀತು? ಗಾಳಿ ಕುಡದ ಏರೀತೇನ?"

ಜಮಖಂಡಿಯ ಡಾಕ್ಟರರ ಹತ್ತಿರದಿಂದ ಬನಹಟ್ಟಿಗೆ ಬರುವ ಬಸ್ಸಿನಲ್ಲಿ ವೀರಣ್ಣ ದಾರಿಯುದ್ದಕ್ಕೂ ಇದನ್ನೇ ಹೇಳುತ್ತ ಬಂದಿದ್ದ. ನಡುವೆ ಎರಡು ಬಾಳೆಹಣ್ಣು ಸುಲಿಯುವಾಗ ಮಾತ್ರ ಬಾಯಿಗೆ ಬಿಡುವು ಸಿಕ್ಕಿತ್ತು. ಮನೆಗೆ ಬಂದು ಅಂಗಿಯನ್ನು ಗೂಟಕ್ಕೆ ಹಾಕಿದ ಮೇಲೂ ಅದೇ ಮಾತು. ಸುಂದರವ್ವ ಚೀಲದಿಂದ ಗುಳಿಗೆಗಳನ್ನು ತೆಗೆದು ಗೂಡಿನಲ್ಲಿ ಇಡುತ್ತಿದ್ದಳು. ಗಂಡನ ಮಾತಿಗೂ ಮಗ್ಗದ ಸದ್ದಿಗೂ ಆಕೆಯ ಕಿವಿ ಒಗ್ಗಿ ನಲವತ್ತು ವರ್ಷವಾಗಿತ್ತು. ಒಂದೇ ವ್ಯತ್ಯಾಸ. ಮಗ್ಗ ಎಳೆ ಹರಿದ ಕೂಡಲೇ ನಿಲ್ಲುತ್ತದೆ. ಈ ಮನುಷ್ಯ ಎಳೆ ಹರಿದ ಮೇಲೂ ನೇಯುತ್ತಲೇ ಇರುತ್ತಾನೆ.

ಡಾಕ್ಟರರು ಹೋದ ತಿಂಗಳೇ ಹೇಳಿದ್ದರು. ದಿನಕ್ಕೆ ಹದಿನೈದು ನೂರು ಕ್ಯಾಲರಿ ಮೀರಬಾರದು, ಹೊತ್ತಲ್ಲದ ಹೊತ್ತಿನಲ್ಲಿ ಬಾಯಾಡಿಸುವ ಚಟ ಬಿಡಬೇಕು. ಇವತ್ತು ಅವರು ಹೆಚ್ಚು ಮಾತಾಡಲಿಲ್ಲ. ವೀರಣ್ಣನ ಬಲಗಾಲಿನ ಹೆಬ್ಬೆರಳಿಗೆ ಸೂಜಿಯ ಮೊನೆ ತಾಗಿಸಿ, ಗೊತ್ತಾಯಿತೇ ಎಂದು ಕೇಳಿದರು. ವೀರಣ್ಣ ಸ್ವಲ್ಪ ತಡೆದು ಹೂಂ ಅಂದ. ಆ ತಡೆದ ಹೊತ್ತನ್ನು ಸುಂದರವ್ವ ಅಲ್ಲಿಂದ ಇಲ್ಲಿಯವರೆಗೆ ಎದೆಯಲ್ಲಿ ಹೊತ್ತು ತಂದಿದ್ದಳು. ವೀರಣ್ಣನ ಅಣ್ಣ ಪರಮಾನಂದನಿಗೂ ಸಕ್ಕರೆ ಕಾಯಿಲೆ ಕಾಲಿಗಿಳಿದದ್ದು ಹೀಗೇ, ಒಂದು ಹೆಬ್ಬೆರಳಿನಿಂದ. ಈಗ ಆ ಮನೆಗೆ ಚಪ್ಪಲಿ ಜೋಡು ತಂದರೂ ಸವೆಯುವುದು ಒಂದೇ. ತೂಕ ಇಳಿಸಲು ಡಾಕ್ಟರರು ಇನ್ನು ಹದಿನೈದು ದಿನ ಕೊಟ್ಟಿದ್ದರು.

— ಅಲ್ಲರಿ, ಫೋನಿನಾಗ ಸೋಮವಾರ ಏನಂತ ಬರದೀರಿ?

— ಉಪವಾಸ ಅಂತ ಬರದೇನಿ.

— ಅಷ್ಟ?

— ಉಪವಾಸಕ್ಕ ಮತ್ತೇನ ಬರೀತಾರ? ಸೊನ್ನಿ.

— ಮುಂಜಾನೆ ಒಂದ ತಾಟ ತುಂಬ ಸಾಬೂದಾನಿ ಖಿಚಡಿ ಹೋತಲ್ಲ?

— ಅದು ಫರಾಳ. ಉಪವಾಸಕ್ಕ ನಡೀತೈತಿ.

— ಹತ್ತ ಗಂಟೆಕ್ಕ ಎರಡ ಬಾಳಿಹಣ್ಣು?

— ಅದೂ ಫರಾಳನ.

— ಹನ್ನೆರಡಕ್ಕ ಮೂರ ಶೇಂಗಾ ಉಂಡಿ. ಮೂರಕ್ಕ ಗೆಣಸು, ಬೆಲ್ಲ. ಐದಕ್ಕ ಬಟಾಟಿ ಚಿಪ್ಸು. ಸಂಜಿಕೆ ಮತ್ತ ಖಿಚಡಿ, ಮ್ಯಾಲ ಕೆನಿ ಮಸರು. ಉಪವಾಸ ದೇವರದಾತು, ಇವೆಲ್ಲಾ ಯಾರ ಹೊಟ್ಟ್ಯಾಗ ಹೋದುವ್ರಿ?

— ಲೇ, ನಿನಗ ಧರ್ಮ ಗೊತ್ತಿಲ್ಲ. ರೊಟ್ಟಿ ಮುಟ್ಟಿಲ್ಲ, ಅನ್ನಾ ಮುಟ್ಟಿಲ್ಲ. ಅಂದ ಮ್ಯಾಲ ಊಟ ಎಲ್ಲಿ ಆತು? ಊಟನ ಆಗಿಲ್ಲ ಅಂದ್ರ ಕ್ಯಾಲರಿ ಎಲ್ಲಿಂದ ಬರ್ತಾವು?

— ನೀವು ಉಣ್ಣೂ ದಿನಾ ಎರಡ ಸಲ ಬಾಯಿ ತೆರೀತೀರಿ. ಉಪವಾಸದ ದಿನಾ ಮುಚ್ಚೂದನ್ನ ನಾ ನೋಡಿಲ್ಲ.

ವೀರಣ್ಣ ಫೋನು ತೆಗೆದು ಹಸಿರು ಬಣ್ಣ ತೋರಿಸಿದ. ಉಂಡದ್ದನ್ನು ಬರೆದರೆ ಕ್ಯಾಲರಿ ಲೆಕ್ಕ ತೋರಿಸುವ ಆ ಆ್ಯಪನ್ನು ಅವನ ಫೋನಿಗೆ ಹಾಕಿಕೊಟ್ಟವಳು ಸೊಸೆ ಶೀತಲ್. ಸುಂದರವ್ವ ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವಳು, ಆದರೆ ಯಾರ ತಾಟಿಗೆ ಏನು ಬಿತ್ತೆಂಬುದನ್ನು ಮರೆತವಳಲ್ಲ. ನಿನ್ನೆ ಸಂಜೆ ಸೊಸೆಯನ್ನು ಕೂರಿಸಿಕೊಂಡು ಸೋಮವಾರದ್ದೆಲ್ಲ ಒಂದೊಂದಾಗಿ ಬರೆಸಿದ್ದಳು. ಎರಡು ಸಾವಿರದ ಏಳುನೂರು ಬಂದು, ಶೀತಲ್‌ಳ ಫೋನು ಕೆಂಪಗಾಯಿತು. ರೊಟ್ಟಿ ಉಂಡ ರವಿವಾರದ್ದು ಹದಿಮೂರು ನೂರೂ ದಾಟಿರಲಿಲ್ಲ. ಮಾವನಿಗೆ ಇದನ್ನು ಹೇಳುವ ಧೈರ್ಯ ತನಗಿಲ್ಲ, ನೀವೇ ಹೇಳಿರಿ ಅತ್ತಿ, ಎಂದು ಶೀತಲ್ ಎದ್ದು ಹೋಗಿದ್ದಳು.

ಸುಂದರವ್ವ ಈಗ ಹೇಳಿದಳು. ವೀರಣ್ಣ ನಂಬಲಿಲ್ಲ. ಫರಾಳಕ್ಕೆ ಕ್ಯಾಲರಿ ಲೆಕ್ಕ ಹಿಡಿಯುವುದು ದೇವರಿಗೆ ಮಾಡಿದ ಅಪಮಾನ, ಆ ಫೋನು ಮಾಡಿದವರಿಗೆ ಸೋಮವಾರ ಅಂದರೇನೆಂದೇ ಗೊತ್ತಿರಲಿಕ್ಕಿಲ್ಲ ಎಂದ. ಮುಂದೆ ಇನ್ನೂ ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಪಕ್ಕದ ಮನೆಯ ಈಶ್ವರ ಹೊಸಿಲು ದಾಟಿ ಒಳಗೆ ಬಂದ. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ.

— ಅಣ್ಣಾರ, ಇವತ್ತ ಗುರುವಾರ ಅಲ್ಲರಿ. ನಮ್ಮ ಮನ್ಯಾಕಿ ರಾಜಗೀರಿ ಉಂಡಿ ಕಟ್ಯಾಳ. ಉಪವಾಸ ಇದ್ದವರಿಗೆ ಕೊಟ್ರ ಅರ್ಧ ಪುಣ್ಯಾ ಕೊಟ್ಟವರಿಗೆ ಅಂತ.

ಇದು ಈಶ್ವರನೊಬ್ಬನ ನಂಬಿಕೆಯಾಗಿರಲಿಲ್ಲ. ವೀರಣ್ಣ ವಾರಕ್ಕೆ ಐದು ಉಪವಾಸ ಹಿಡಿದ ಸುದ್ದಿ ಹಬ್ಬಿದಂದಿನಿಂದ ಓಣಿಯ ಮನೆಮನೆಯಿಂದ ಡಬ್ಬಿ ಬರುತ್ತಿದ್ದವು. ಅನಸವ್ವನ ಮನೆಯ ಗೆಣಸು, ಬಸಗೊಂಡಪ್ಪನ ಮನೆಯ ಚಿಪ್ಸು. ತಾವು ಎರಡು ಹೊತ್ತು ಉಂಡು ಅರ್ಧ ಪುಣ್ಯ ಪಡೆಯುವ ಇಂಥ ಸುಲಭದ ದಾರಿ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ವೀರಣ್ಣನೂ ಯಾರ ಪುಣ್ಯಕ್ಕೂ ಅಡ್ಡ ಬಂದವನಲ್ಲ.

— ಪುಣ್ಯಾ ಅರ್ಧಾ ಒಯ್ತೀರಿ, ತೂಕ ಪೂರಾ ಇಲ್ಲೇ ಬಿಟ್ಟ ಹೋಗ್ತೀರಿ, ಅಂದಳು ಸುಂದರವ್ವ.

— ಏನಂದ್ರಿ ವೈನಿ?

ವೀರಣ್ಣನ ಕೈ ಆಗಲೇ ಡಬ್ಬಿಯ ಮುಚ್ಚಳದ ಮೇಲಿತ್ತು. ಸುಂದರವ್ವ ಆ ಕೈ ನೋಡಿದಳು, ಕೆಳಗೆ ಚಾಪೆಯ ಮೇಲೆ ಚಾಚಿದ್ದ ಕಾಲು ನೋಡಿದಳು. ಆಮೇಲೆ ಬೀಗರೊಡನೆ ಮಾತಾಡುವ ದನಿ ತೆಗೆದಳು.

— ಛಲೋ ಹೊತ್ತಿಗೆ ಬಂದಿ ಈಶ್ವರಾ. ಇನ್ನ ಡಬ್ಬಿ ತರಬ್ಯಾಡ್ರಿ ಅಂತ ಓಣ್ಯಾಗ ಹೇಳಬೇಕಿತ್ತು. ನಿಮ್ಮ ಅಣ್ಣಾರು ಇವತ್ತಿಂದ ಫರಾಳಾನೂ ಬಿಡಾಕತ್ತಾರ. ಐದೂ ದಿನಾ ಬರೇ ನೀರಿನ ಮ್ಯಾಲ.

ನೀರಿನ ಮೇಲೆ ಈ ಮನುಷ್ಯ ಅರ್ಧ ದಿನವೂ ಇರಲಾರ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಗುಳಿಗೆ ತಗೊಳ್ಳುವವರು ಹಸಿದಿರಬಾರದು ಅಂತ ಡಾಕ್ಟರರೂ ಎಚ್ಚರಿಸಿದ್ದರು. ಈಶ್ವರನಿಗೆ ಇದಾವುದೂ ಗೊತ್ತಿಲ್ಲ. ಅವನು ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ವೀರಣ್ಣನ ಕಾಲಿಗೆ ನಮಸ್ಕಾರ ಮಾಡಿದ. ಇಂಥ ದೊಡ್ಡ ವ್ರತವನ್ನು ಮುಚ್ಚಿಡುವುದು ಸರಿಯಲ್ಲ, ಈಗಿಂದೀಗ ಬನಶಂಕರಿ ಗುಡಿಯಲ್ಲಿ ಹಿರಿಯರಿಗೆ ತಿಳಿಸುತ್ತೇನೆ, ಮಂಗಳವಾರ ಎಲ್ಲರೂ ಬಂದು ದಿನವಿಡೀ ನಿಮ್ಮೊಡನೆ ಕೂತು ಭಜನೆ ಮಾಡುತ್ತೇವೆ ಎಂದ.

ದಿನವಿಡೀ ಎಂಬ ಮಾತಿಗೆ ವೀರಣ್ಣನ ಮುಖ ಹಿಂಡಿದ ಅರಿವೆಯಂತಾಯಿತು. ಹೆಂಡತಿಯ ಕಡೆ ನೋಡಿದ. ಆಕೆ ಸೆರಗು ಸರಿಮಾಡಿಕೊಂಡು, ಮಂಗಳವಾರಕ್ಕೆ ಎಷ್ಟು ಜನ ಬಂದಾರು, ಜಮಖಾನೆ ಎರಡು ಸಾಕೇ ಎಂದು ಈಶ್ವರನನ್ನು ವಿಚಾರಿಸುತ್ತಿದ್ದಳು. ಈಶ್ವರ ಹೊಸಿಲು ದಾಟುವವರೆಗೂ ವೀರಣ್ಣ ತಡೆದುಕೊಂಡ.

— ಈಶ್ವರಾ, ನಿಲ್ಲು. ನಾ ಉಪವಾಸ ಬಿಟ್ಟೇನಿ.

— ಯಾವ ವಾರದ್ದರಿ?

— ಐದೂ.

— ಯಾಕರಿ ಅಣ್ಣಾರ, ಏನಾತು?

— ಡಾಕ್ಟರ್ ಬ್ಯಾಡ ಅಂದಾರಪ್ಪಾ. ಉಪವಾಸ ಮಾಡಿ ಮಾಡಿ ಭಾಳ ಸೊರಗೀರಿ ಅಂದ್ರು.

ಈಶ್ವರ ವೀರಣ್ಣನ ಹೊಟ್ಟೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನೋಡಿದ. ಅದಕ್ಕೆ ಸಾಕಷ್ಟು ಹೊತ್ತು ಹಿಡಿಯಿತು. ಆಮೇಲೆ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಆಚಿ ಮನಿ ರಾಜಶ್ರೀ ಅಕ್ಕಾರದೂ ಗುರುವಾರ ಐತಿ, ಅವರಿಗೆ ಕೊಡ್ತೀನಿ, ಎಂದು ಹೊರಟುಹೋದ. ಅವನು ಓಣಿಯ ತಿರುವು ದಾಟುವ ಮೊದಲೇ ಸುದ್ದಿ ಮುಂದೆ ಹೋಗುತ್ತದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು.

— ಓಣ್ಯಾಗ ನನ್ನ ಮರ್ಯಾದಿ ಕಳದಿ.

— ಮರ್ಯಾದಿ ಹೋದ್ರ ಹೋಗಲಿ. ಬೆರಳ ಹತ್ತೂ ಇರಲಿ.

ವೀರಣ್ಣ ತನ್ನ ಕಾಲು ನೋಡಿಕೊಂಡ. ಚಾಚಿದ್ದನ್ನು ಮೆಲ್ಲಗೆ ಮಡಚಿಕೊಂಡ. ಸುಂದರವ್ವ ಒಲೆ ಹೊತ್ತಿಸಿ ಹಂಚು ಇಟ್ಟಳು, ಹಿಟ್ಟು ನಾದಿದಳು. ಎರಡು ರೊಟ್ಟಿ ಸುಟ್ಟು, ಒಂದು ಬಟ್ಟಲು ಬದನೆಕಾಯಿ ಪಲ್ಯದೊಂದಿಗೆ ಗಂಡನ ಮುಂದೆ ಇಟ್ಟಳು.

— ಎರಡನ?

— ಎರಡ.

— ನಾಕ ಗಂಟೆಕ್ಕ?

— ನಾಕಕ್ಕ ಗಡಿಯಾರ ನಾಕ ಬಡೀತೈತಿ, ಅಷ್ಟ.

ಎರಡು ರೊಟ್ಟಿ ಮುಗಿಯಲು ಬಹಳ ಹೊತ್ತು ಬೇಕಾಗಲಿಲ್ಲ. ವೀರಣ್ಣ ಖಾಲಿ ತಾಟನ್ನು ಎರಡೂ ಕೈಯಿಂದ ಹಿಡಿದುಕೊಂಡು, ಇಷ್ಟಕ್ಕೂ ಊಟ ಅನ್ನುತ್ತಾರೆಯೇ ಎಂದು ಕೇಳಿದ.

— ಉಂಡು ರೂಢಿ ತಪ್ಪೈತಿ ನಿಮಗ, ಬರೇ ಉಪವಾಸ ಮಾಡಿ ಮಾಡಿ. ಸಾವಕಾಶ ಕಲೀತೀರಿ, ಅಂದಳು ಸುಂದರವ್ವ. ಮತ್ತೊಂದು ಉಂಡೆ ಹಿಟ್ಟು ತೆಗೆದುಕೊಂಡು, ಸೊಸೆಯ ಪಾಲಿನ ರೊಟ್ಟಿ ಬಡಿಯತೊಡಗಿದಳು.