ಟೈರಿಗೆ ಎಣ್ಣೆಸ್ನಾನ

ಸಾರ್ವಜನಿಕ ಸೊತ್ತನ್ನು ಹಾಳುಮಾಡುವುದರಲ್ಲಿ ನಮ್ಮವರಿಗಿರುವ ಶ್ರದ್ಧೆ ದೇವರ ಪೂಜೆಯಲ್ಲೂ ಇಲ್ಲ! ಪತ್ರಿಕೆಯಲ್ಲಿ ಇದನ್ನು ಎಷ್ಟು ಸಲ ಬರೆದು ಬೈದೆನೋ, ಒಬ್ಬನೂ ತಿದ್ದಿಕೊಳ್ಳಲಿಲ್ಲ. ಸರಿ, ಮಾಡಿಯೇ ತೋರಿಸುತ್ತೇನೆ ಎಂದು ಪಣತೊಟ್ಟೆ. ಕಾಶಿಯ ಶಿವಾಲ ಬಡಾವಣೆಯಲ್ಲಿರುವ ನಮ್ಮ ಕನ್ನಡಿಗರ ಛತ್ರದ ಹಳೆಯ ಅಂಬಾಸಿಡರ್ ಕಾರು ನನ್ನ ಉಸ್ತುವಾರಿಯಲ್ಲಿತ್ತು. ಹೊಸ ಟೈರು ಕೇಳಿದರೆ ಅಂಗಡಿಯವನು "ಹೋಳಿ ಕಳೀಲಿ" ಎನ್ನುವ ಕಾಲ. ಇದ್ದ ನಾಲ್ಕನ್ನೇ ಇನ್ನು ಹತ್ತು ವರ್ಷ, ಅಂದರೆ ಎಂಬತ್ತನಾಲ್ಕನೇ ಇಸವಿಯವರೆಗೆ ಬಾಳಿಸಿ ತೋರಿಸುತ್ತೇನೆ!

ಹೇಗೆಂಬುದು ನರಕ ಚತುರ್ದಶಿಯ ಮುಂಜಾನೆ ಹೊಳೆಯಿತು. ಹೆಂಡತಿ ಗಿರಿಜಾದೇವಿ ನನ್ನ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು. ಒಣಗಿದ ಚರ್ಮ ಎಣ್ಣೆ ಕುಡಿದು ಮಿರುಗುತ್ತಿತ್ತು. ಆಹಾ! ಬಿಸಿಲಿಗೆ ಬಿರುಕುಬಿಟ್ಟ ಆ ಟೈರುಗಳೂ ವರ್ಷವಿಡೀ ದುಡಿದಿಲ್ಲವೆ? ಎಣ್ಣೆಯ ತಂಬಿಗೆ ಕಸಿದುಕೊಂಡು ಓಡಿದೆ.

"ಏನ್ರೀ, ಟೈರಿಗೆ ಎಣ್ಣೀ ಹಚ್ಚಾಕತ್ತೀರೇನು? ಹಬ್ಬದ ಎಣ್ಣೀರಿ ಅದು!"

"ಇದು ವಿಜ್ಞಾನ. ನಿನಗ ತಿಳಿಯಂಗಿಲ್ಲ."

"ಹಂಗಾದ್ರ ಆರತಿನೂ ತರ್ಲೇನು?"

ನಾಲ್ಕಕ್ಕೂ ತಿಕ್ಕಿ ತಿಕ್ಕಿ ಹಚ್ಚಿದೆ. ಡಿಕ್ಕಿಯಲ್ಲಿದ್ದ ಸ್ಟೆಪ್ನಿಗೂ ಹಚ್ಚಿದೆ, ಪಕ್ಷಪಾತ ಮಾಡಲಿಲ್ಲ.

ಅಂದೇ ಹತ್ತು ಗಂಟೆಗೆ ಭೇಲೂಪುರದ ಡಾಕ್ಟರು ಛತ್ರದ ಸಂಗಮ್ಮಜ್ಜಿಯ ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಬೇಕಿತ್ತು. ಪೊರೆ ಕಟ್ಟಿದ ಕಣ್ಣಲ್ಲೇ ಕಾಶಿಗೆ ಬಂದ ಜೀವ. ಮೂರು ವರ್ಷ ಗಂಗೆಯಲ್ಲಿ ಮಿಂದಿದ್ದಾರೆ, ಗಂಗೆಯನ್ನು ಕಂಡಿಲ್ಲ! ಹತ್ತೂವರೆಗೆ ಡಾಕ್ಟರು ಹಬ್ಬಕ್ಕೆ ಊರಿಗೆ ಹೊರಡುವವರು. ತಪ್ಪಿದರೆ ಅಜ್ಜಿಗೆ ಇನ್ನೂ ಹದಿನೈದು ದಿನ ಕತ್ತಲೆ.

ಅಜ್ಜಿಯನ್ನೂ ಗಿರಿಜೆಯನ್ನೂ ಕೂರಿಸಿಕೊಂಡು ಛತ್ರದ ಮುಂದಿನ ಕಲ್ಲುಹಾಸಿನ ಏರು ಹತ್ತಿಸತೊಡಗಿದೆ. ಚಕ್ರಗಳು ಮುಂದಕ್ಕೆ ತಿರುಗಿದವು, ಕಾರು ಹಿಂದಕ್ಕೆ ಜಾರಿತು! ಮೋರಿಯಂಚಿನ ಕಲ್ಲಿಗೆ ತಾಗಿ ಹಿಂದಿನ ಟೈರೊಂದು ಭಟ್ಟೆಂದು ಸೀಳಿತು.

"ಭೇಲೂಪುರ ಬಂತೇನಪ್ಪಾ, ಗುರುಶಾಂತಯ್ಯ?" ಎಂದರು ಸಂಗಮ್ಮಜ್ಜಿ, ಒಳಗಿನಿಂದ.

"ಮೋರಿ ಬಂತು ಅಜ್ಜಿ," ಎಂದಳು ನನ್ನಾಕೆ.

ಮೋರಿಯಲ್ಲಿ ಮೊಣಕಾಲೂರಿ ಸ್ಟೆಪ್ನಿ ಹಾಕಿದೆ. ಟೈರಿನ ಮಸಿ ಎಣ್ಣೆಯೊಂದಿಗೆ ಕೈಗೆ ಬಂತು, ಬೆವರು ಒರೆಸಿಕೊಂಡಾಗ ಕೈಯಿಂದ ಮುಖಕ್ಕೆ ಬಂತು. ಹೊರಟರೆ ಮತ್ತದೇ ಜಾರು! ಗಂಟೆ ಹತ್ತಾಗಿತ್ತು.

ಆಗ ಎದುರಿನ ಪಂಕ್ಚರ್ ಅಂಗಡಿಯಿಂದ ಮುದುಕ ಲಲ್ಲನ್ ಮಿಸ್ತ್ರಿ ಎದ್ದು ಬಂದ. ಒಂದೊಂದೇ ಟೈರಿನ ಮೇಲೆ ಅಂಗೈ ಆಡಿಸಿ ತನ್ನ ಹಿಂದಿಯಲ್ಲಿ ಹೇಳಿದ: "ಇಪ್ಪತ್ತೈದು ಸಾವಿರ ಕಿಲೋಮೀಟರ್ ಓಡಿದೆ. ಅಂಚು ಸವೆದಿದೆ, ನಡು ಹಾಗೇ ಇದೆ. ಅಂದರೆ ಗಾಳಿ ಯಾವಾಗಲೂ ಕಡಿಮೆ. ಹಿಂದಿನದನ್ನು ಮುಂದಕ್ಕೆ ಒಮ್ಮೆಯೂ ಬದಲಿಸಿಲ್ಲ."

ಅಕ್ಷರ ಬಾರದ ಆ ಅಂಗೈ ನನ್ನ ನಿರ್ಲಕ್ಷ್ಯದ ಇಡೀ ಇತಿಹಾಸವನ್ನು ಅರ್ಧ ನಿಮಿಷದಲ್ಲಿ ಓದಿ ಮುಗಿಸಿತ್ತು! ದೇಶಕ್ಕೆಲ್ಲ ಬೈಯುತ್ತಿದ್ದ ನಾನು ಒಂದು ದಿನವಾದರೂ ಗಾಳಿ ನೋಡಿಸಿದ್ದೆನೆ?

"ಬಾಬೂಜಿ, ಎಣ್ಣೆ ಪೂರಿಗಿರಲಿ. ರಬ್ಬರಿಗೆ ಅದು ವೈರಿ. ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಗಾಳಿ ನೋಡಿಸಿ, ಸಾಕು" ಎಂದವನು ಒಲೆಯ ಬೂದಿ ತಂದು ಟೈರುಗಳಿಗೆ ಗಸಗಸ ಉಜ್ಜಿದ. ಎಣ್ಣೆಸ್ನಾನದ ಹಿಂದೆಯೇ ವಿಭೂತಿಧಾರಣೆ! ಹಾರಿದ ಬೂದಿ ಅರ್ಧ ನನ್ನ ಹಣೆಗೇ ಅಂಟಿತು. ಕಾರು ಮಾತ್ರ ಸಲೀಸಾಗಿ ಏರು ಹತ್ತಿತು.

ಭೇಲೂಪುರದಲ್ಲಿ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಡಾಕ್ಟರನ್ನು ಅಡ್ಡಗಟ್ಟಿದೆ. ನನ್ನ ಅವತಾರ ಕಂಡು ಬೆದರಿದರೋ ಏನೋ, ತಿರುಗಿ ಒಳಗೆ ಬಂದರು. ಪಟ್ಟಿ ಬಿಚ್ಚಿದರು. ಸಂಗಮ್ಮಜ್ಜಿ ಮೆಲ್ಲನೆ ರೆಪ್ಪೆ ತೆರೆದರು. ಎದುರಿಗೆ ನಿಂತಿದ್ದವನು ನಾನು. ಅಜ್ಜಿಯ ಕೈಗಳು ತಾವಾಗಿ ಜೋಡಿಕೊಂಡವು.

"ಕಾಲಭೈರವಾ! ಕಣ್ಣು ಬಿಟ್ಟ ಕೂಡ್ಲೇ ನೀನಽ ಬಂದ್ಯಾ, ನನ್ನಪ್ಪಾ!"

ಆ ಕಣ್ಣಿನ ಬೆಳಕಿನ ಮುಂದೆ ನಿಜ ಹೇಳಲು ನಾಲಿಗೆ ಏಳಲಿಲ್ಲ. ಗಿರಿಜಾ ಕೂಡ ನಗು ಮರೆತು ನಿಂತಿದ್ದಳು. ಅಜ್ಜಿ ಹಣೆಗೆ ಕೈಮುಟ್ಟಿಸಿ ಬೇಡಿಕೊಂಡರು:

"ನನಗೇನೂ ಬ್ಯಾಡ ತಂದೆ, ನಿನ್ನ ಕಂಡೆ, ಸಾಕು. ನನ್ನ ಕರಕೊಂಡು ಬಂದಾನಲ್ಲ, ಆ ಗುರುಶಾಂತಯ್ಯ, ಅವಗ ಒಂದೀಟು ಬುದ್ಧಿ ಕೊಡಪ್ಪಾ!"